ಬೆಳಗ್ಗೆ ಎದ್ದ ತಕ್ಷಣ ಯೋಗ ಮಾಡಿದ್ರೆ ಸೊಂಟ ಹಿಡ್ಕೊಳ್ತಿದೆ, ನನಗೊಬ್ಬನಿಗೇನಾ?

ಅಲಾರಂ ಶತ್ರು:
ಎಲ್ರಿಗೂ ನಮಸ್ಕಾರ. ಮೂರು ವಾರದಿಂದ ಬೆಳಗ್ಗೆ ಯೋಗ ಶುರು ಮಾಡಿದೀನಿ, ಇದು ಎಷ್ಟನೇ ಸಲ ಶುರು ಮಾಡ್ತಿರೋದು ಅಂತ ಮಾತ್ರ ಕೇಳ್ಬೇಡಿ. ವಯಸ್ಸು 38, ದಿನಾ ಎಂಟೊಂಬತ್ತು ಗಂಟೆ ಕುರ್ಚಿಗೆ ಅಂಟ್ಕೊಂಡಿರೋ ಕೆಲಸ. ಈ ಸಲ ಗಟ್ಟಿ ಮನಸ್ಸು ಮಾಡಿ 5 ಗಂಟೆಗೆ ಅಲಾರಂ ಇಟ್ಟು, ಎದ್ದು ಮುಖ ತೊಳ್ಕೊಂಡು ಸೀದಾ ಮ್ಯಾಟ್ ಮೇಲೆ ಕೂತು ಮೊದಲು ಪಶ್ಚಿಮೋತ್ತಾನಾಸನ (ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗೋದು), ಆಮೇಲೆ ಸೂರ್ಯ ನಮಸ್ಕಾರ 12 ಸುತ್ತು, ಆಮೇಲೆ ಸರ್ವಾಂಗಾಸನ, ಕೊನೆಗೆ ಟೈಮ್ ಉಳಿದ್ರೆ ಶವಾಸನ. ಟೈಮ್ ಯಾವತ್ತೂ ಉಳಿಯಲ್ಲ, ಅದು ಬೇರೆ ವಿಷಯ.

ವಿಷಯ ಏನಂದ್ರೆ ಸಂಜೆ ಸುಮ್ನೆ ಬಗ್ಗಿದ್ರೂ ಕಾಲ್ಬೆರಳು ಸಿಗುತ್ತೆ, ಬೆಳಗ್ಗೆ ಮೊಣಕಾಲಿಂದ ಸ್ವಲ್ಪ ಕೆಳಗೆ ಹೋಗಿ ಕೈ ಅಲ್ಲೇ ನಿಂತುಬಿಡುತ್ತೆ. ಹಠ ಮಾಡಿ ಎಳ್ಕೊಂಡು ಬಗ್ತೀನಿ. ಎರಡನೇ ವಾರದಿಂದ ಸೊಂಟದ ಕೆಳಗಡೆ ಒಂಥರಾ ಮಂದ ನೋವು, ಮಧ್ಯಾಹ್ನದ ಹೊತ್ತಿಗೆ ಹೋಗುತ್ತೆ, ಮಾರನೇ ದಿನ ಬೆಳಗ್ಗೆ ಮತ್ತೆ ಹಾಜರು. ಬೆನ್ನು ನೋವು ಹೋಗ್ಲಿ ಅಂತ ಯೋಗ ಶುರು ಮಾಡಿದ್ದು, ಈಗ ಯೋಗದಿಂದಾನೇ ಬೆನ್ನು ನೋವು. ಬಿಟ್ಬಿಡ್ಲಾ, ಮುಂದುವರಿಸ್ಲಾ?

ಸುಮ್ನೆ ನೋಡೋನು:
ನೋವು ಬಂದ್ರೆ ಒಳಗಿರೋ ವಿಷ ಹೊರಗೆ ಹೋಗ್ತಿದೆ ಅಂತ ಅರ್ಥ, ಮುಂದುವರಿಸಿ.

ಫಿಸಿಯೋ ಅಕ್ಕ:
ಮೇಲಿನ ಕಾಮೆಂಟ್ ಓದಿ ನನ್ನ ಬಿಪಿ ಏರ್ತು. ವಿಷಗಿಷ ಏನಿಲ್ಲ ಸರ್, ದಯವಿಟ್ಟು ಅದನ್ನ ನಂಬಿ ಇನ್ನೂ ಎಳೀಬೇಡಿ.

ನೀವು ಬರೆದಿದ್ರಲ್ಲೇ ಉತ್ತರ ಇದೆ, ಎದ್ದ ತಕ್ಷಣ ಪಶ್ಚಿಮೋತ್ತಾನಾಸನ ಅಂದ್ರಲ್ಲ, ಅದು. ಬೆನ್ನುಮೂಳೆ ಮಧ್ಯೆ ಇರೋ ಡಿಸ್ಕ್‌ಗಳು ರಾತ್ರಿ ಮಲಗಿದಾಗ ಮೇಲಿಂದ ಭಾರ ಇಲ್ದೆ ಇರೋದ್ರಿಂದ ನೀರು ಹೀರ್ಕೊಂಡು ಉಬ್ಬಿಕೊಂಡಿರುತ್ತವೆ. ಅದಕ್ಕೇ ಮನುಷ್ಯ ಬೆಳಗ್ಗೆ ಎದ್ದಾಗ ರಾತ್ರಿಗಿಂತ ಸುಮಾರು 1ರಿಂದ 2 ಸೆಂಟಿಮೀಟರ್ ಉದ್ದ ಇರ್ತಾನೆ, ಬೇಕಿದ್ರೆ ಗೋಡೆಗೆ ಪೆನ್ಸಿಲ್ ಗುರುತು ಹಾಕಿ ನೋಡಿ. ಎದ್ದು ನಿಂತು ಓಡಾಡಿದ ಮೇಲೆ ಆ ನೀರು ಹೊರಗೆ ಹೋಗುತ್ತೆ, ದಿನಪೂರ್ತಿ ಎಷ್ಟು ಕುಗ್ತೀವೋ ಅದ್ರಲ್ಲಿ ಅರ್ಧದಷ್ಟು ಮೊದಲ ಒಂದು ಗಂಟೆಯಲ್ಲೇ ಆಗಿಹೋಗುತ್ತೆ. ಉಬ್ಬಿಕೊಂಡಿರೋ ಡಿಸ್ಕನ್ನ ಸೊಂಟ ಗುಂಡಗೆ ಮಾಡಿ ಮುಂದಕ್ಕೆ ಮಡಚಿದ್ರೆ ಅದ್ರ ಮೇಲೂ ಹಿಂದಿನ ಲಿಗಮೆಂಟ್ ಮೇಲೂ ಬೀಳೋ ಎಳೆತ ಬೇರೆ ಹೊತ್ತಿಗಿಂತ ತುಂಬಾ ಜಾಸ್ತಿ. ನಿಮ್ಮ ಕೈ ಮೊಣಕಾಲ ಹತ್ರ ನಿಂತುಬಿಡುತ್ತಲ್ಲ, ಅದು ನಿಮ್ಮ ಸೋಮಾರಿತನ ಅಲ್ಲ, ದೇಹ ಈಗ ಬೇಡಪ್ಪಾ ಅಂತ ಹೇಳ್ತಿರೋದು. ಅದನ್ನ ಮೀರಿ ನೀವು ಎಳೀತಿದೀರ.

1998ರಲ್ಲಿ ಒಂದು ಅಧ್ಯಯನ ಬಂದಿತ್ತು, ವರ್ಷಗಟ್ಲೆ ಸೊಂಟ ನೋವಿದ್ದವರಿಗೆ ಬೆಳಗ್ಗೆ ಎದ್ದ ಮೇಲೆ ಮೊದಲ ಎರಡು ಗಂಟೆ ಮುಂದಕ್ಕೆ ಬಗ್ಗಬೇಡಿ ಅಂತಷ್ಟೇ ಹೇಳಿ ನೋಡಿದ್ರು, ನೋವಿರೋ ದಿನಗಳು ಕಮ್ಮಿ ಆದ್ವು. ಔಷಧಿ ಇಲ್ಲ, ಏನಿಲ್ಲ.

ಕಾಲಿಗೆ ಜೋಮು ಇಳಿಯೋದು, ಪಾದ ಎತ್ತಕ್ಕೆ ಶಕ್ತಿ ಇಲ್ದಂಗೆ ಆಗೋದು ಇದ್ರೆ ಇಲ್ಲಿ ಕೇಳ್ತಾ ಕೂರ್ಬೇಡಿ, ಡಾಕ್ಟರ್ ಹತ್ರ ಹೋಗಿ. ಮೂತ್ರ ಹಿಡಿತ ತಪ್ಪೋ ತರ ಆದ್ರಂತೂ ಅದೇ ದಿನ, ತಡ ಮಾಡದೆ.

ಅಲಾರಂ ಶತ್ರು:
ಜೋಮು ಏನಿಲ್ಲ ಮೇಡಂ, ಬರೀ ಬಿಗಿತ ಮತ್ತೆ ನೋವು. ಆದ್ರೆ ಎರಡು ಗಂಟೆ ಬಗ್ಗಬಾರ್ದು ಅಂದ್ರೆ ಬೆಳಗ್ಗೆ ಯೋಗನೇ ಮಾಡಬಾರ್ದು ಅಂತಾನಾ? 5ಕ್ಕೆ ಎದ್ದು 7ರವರೆಗೆ ಗೋಡೆ ನೋಡ್ತಾ ಕೂರ್ಲಾ?

ಹಳೇ ಚಾಪೆ:
ನೋಡಪ್ಪಾ, ಇಪ್ಪತ್ತಾರು ವರ್ಷದಿಂದ ಬೆಳಗ್ಗೆ ಅಭ್ಯಾಸ ಮಾಡ್ತಿದೀನಿ, ಬ್ರಾಹ್ಮೀ ಮುಹೂರ್ತದಲ್ಲೇ ಏಳೋದು. ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಇರೋ ಹೊತ್ತು ಅದು. ನನ್ನ ಸೊಂಟಕ್ಕೆ ಏನೂ ಆಗಿಲ್ಲ. ಡಿಸ್ಕು ಗಿಸ್ಕು ಅಂತ ಹೆದರ್ಸಿ ಜನರನ್ನ ಬೆಳಗಿನ ಅಭ್ಯಾಸದಿಂದ ದೂರ ಮಾಡ್ಬೇಡಿ ತಾಯಿ. ನಿನ್ನ ತಪ್ಪು ಬೆಳಗ್ಗೆ ಮಾಡಿದ್ದಲ್ಲಪ್ಪ, ಕ್ರಮ ತಪ್ಪಿಸಿದ್ದು. ಯಾವ ಗುರುನೂ ಎದ್ದ ತಕ್ಷಣ ಪಶ್ಚಿಮೋತ್ತಾನಾಸನದಲ್ಲಿ ಕೂರ್ಸಲ್ಲ. ಮೊದಲು ಉಸಿರು, ಆಮೇಲೆ ನಿಂತು ಮಾಡೋವು, ಆಮೇಲೆ ಕೂತು ಮಾಡೋವು, ತಲೆಕೆಳಗು ಮಾಡೋವು ಕೊನೆಗೆ. ಈಗ ಮೊಬೈಲ್ ನೋಡ್ಕೊಂಡು ಕಲಿಯೋರು ಯಾವುದು ನೋಡಕ್ಕೆ ಚೆನ್ನಾಗಿದ್ಯೋ ಅದನ್ನ ಮೊದಲು ಮಾಡ್ತಾರೆ.

ಫಿಸಿಯೋ ಅಕ್ಕ:
ಅಂಕಲ್, ನಾನು ಬೆಳಗ್ಗೆ ಬೇಡ ಅಂದಿಲ್ಲ, ಬೆಳಗ್ಗೆ ಎದ್ದ ತಕ್ಷಣ ಮಡಚ್ಕೊಳ್ಳೋದು ಬೇಡ ಅಂದೆ. ನೀವು ಹೇಳಿದ ಕ್ರಮ ಮತ್ತೆ ನಾನು ಹೇಳಿದ್ದು ಎರಡೂ ಒಂದೇ ಕಡೆ ಬಂದು ನಿಲ್ತಿವೆ, ನೋಡಿ ಬೇಕಿದ್ರೆ. ನೀವು ಎದ್ದು ಸ್ನಾನ ಮಾಡಿ, ಕೂತು ಪ್ರಾಣಾಯಾಮ ಮಾಡಿ, ನಿಂತು ಮಾಡೋ ಆಸನ ಮುಗಿಸೋ ಹೊತ್ತಿಗೆ ಎಷ್ಟು ಹೊತ್ತಾಗಿರುತ್ತೆ? ಒಂದು ಗಂಟೆ ಆಗೇ ಇರುತ್ತೆ. ನಿಮ್ಮ ಡಿಸ್ಕ್ ಅಷ್ಟ್ರಲ್ಲಿ ಇಳಿದಿರುತ್ತೆ. ಅವರು ಹಾಸಿಗೆಯಿಂದ ಹತ್ತನೇ ನಿಮಿಷಕ್ಕೆ ಬಗ್ತಿದಾರೆ.

ಹಳೇ ಚಾಪೆ:
ಹ್ಮ್. ಅದು ಸರಿ. ಸ್ನಾನಕ್ಕೇ ಕಾಲು ಗಂಟೆ ಆಗುತ್ತೆ ನನಗೆ.

ಉತ್ತರದ ಗಾಳಿ:
ಏನ್ರಿ ಇದು ಮುಂಜಾನೆ ಮುಂಜಾನೆ ಜಗಳ ಹಚ್ಚೀರಿ. ನಂದೂ ಒಂದ್ ಪ್ರಶ್ನೆ ಐತಿ. ನಾ 52 ವರ್ಷದವ, ಬಿಪಿ ಗುಳಿಗಿ ತಗೋತೀನಿ. ಯಾರೋ ಹೇಳಿದ್ರು ಅಂತ ಮುಂಜಾನೆ ಎದ್ದ ಕೂಡ್ಲೆ ಕಪಾಲಭಾತಿ ಜೋರ್ ಜೋರ್ ಮಾಡಾಕತ್ತಿದ್ದೆ, ನೂರು ಹೊಡತ ಮುಗಿಸಿ ಎದ್ದ ನಿಂತ್ರ ತಲಿ ಗಿರ್ ಅಂತ ತಿರುಗಿ ಗ್ವಾಡಿ ಹಿಡಕೊಂಡೆ. ಮನ್ಯಾಗ ಎಲ್ಲಾರೂ ಹೆದರಿದ್ರು. ಅದು ಕುಂಡಲಿನಿ ಏಳೂದು ಅಂತ ನಮ್ಮ ಗೆಳ್ಯಾ ಅಂತಾನ, ನನಗ ಹಂಗೇನೂ ಅನಸಲಿಲ್ಲ, ಬರೇ ವಾಂತಿ ಬರೂವಂಗ ಆತು.

ಫಿಸಿಯೋ ಅಕ್ಕ:
ಅಣ್ಣಾ ಕುಂಡಲಿನಿ ಅಲ್ಲ ಅದು. ಜೋರಾಗಿ ಬೇಗ ಬೇಗ ಉಸಿರಾಡಿದ್ರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿ ಆಗುತ್ತೆ, ಅದು ಕಮ್ಮಿ ಆದ್ರೆ ಮೆದುಳಿನ ರಕ್ತನಾಳ ಕಿರಿದಾಗ್ತವೆ, ತಲೆ ತಿರುಗುತ್ತೆ, ತುಟಿ ಬೆರಳು ಜುಮ್ ಅನ್ನುತ್ತೆ. ಅದ್ರ ಮೇಲೆ ಕೂತಿದ್ದವರು ಪಟ್ ಅಂತ ಎದ್ದು ನಿಂತ್ರಿ, ಬಿಪಿ ಗುಳಿಗೆ ತಗೊಳ್ಳೋರಿಗೆ ಹಾಗೆ ಎದ್ರೆ ಪ್ರೆಶರ್ ಒಂದು ಕ್ಷಣ ಇಳಿಯೋ ಸಾಧ್ಯತೆ ಬೇರೆ. ಬಿಪಿ ಇರೋರಿಗೆ ಕಪಾಲಭಾತಿ, ಭಸ್ತ್ರಿಕಾ, ಶೀರ್ಷಾಸನ ಬೇಡ ಅಂತ ಯೋಗ ಕಲಿಸೋರೂ ಹೇಳ್ತಾರೆ. ಬಸಿರಲ್ಲಿರೋರು, ಹರ್ನಿಯಾ ಇರೋರು, ಹೊಟ್ಟೆ ಆಪರೇಷನ್ ಆಗಿ ಸ್ವಲ್ಪ ದಿನ ಆಗಿರೋರೂ ಕಪಾಲಭಾತಿ ಬಿಡ್ಬೇಕು.

ಹಾಗೇ ಇನ್ನೊಂದು, ಗ್ಲಾಕೋಮಾ ಇರೋರು ಶೀರ್ಷಾಸನ ಮಾಡ್ಲೇಬಾರ್ದು. ತಲೆಕೆಳಗೆ ನಿಂತಾಗ ಕಣ್ಣೊಳಗಿನ ಒತ್ತಡ ಹೆಚ್ಚುಕಮ್ಮಿ ಎರಡು ಪಟ್ಟು ಆಗುತ್ತೆ. ಕಣ್ಣು ತೋರಿಸ್ದೆ ವರ್ಷಗಟ್ಲೆ ಆಗಿರೋರಿಗೆ ತಮಗೆ ಗ್ಲಾಕೋಮಾ ಇದೆ ಅಂತಾನೇ ಗೊತ್ತಿರಲ್ಲ, ಅದೇ ಕಷ್ಟ.

ಹಳೇ ಚಾಪೆ:
ಬಿಪಿ ಇರೋರಿಗೆ ಉದ್ದ ಉಸಿರು ಸಾಕು ಸ್ವಾಮಿ. ಒಳಗೆ ತಗೊಳ್ಳೋದು ನಾಲ್ಕು ಎಣಿಕೆ, ಬಿಡೋದು ಆರು ಎಣಿಕೆ, ತಡೆಯೋದು ಗಿಡಿಯೋದು ಏನೂ ಬೇಡ. ಬಿಡೋ ಉಸಿರು ಉದ್ದ ಆದಷ್ಟೂ ಎದೆಬಡಿತ ನಿಧಾನ ಆಗುತ್ತೆ, ಮಣಿಕಟ್ಟಿನ ನಾಡಿ ಹಿಡ್ಕೊಂಡು ಮಾಡಿ, ನಿಮಗೇ ಗೊತ್ತಾಗುತ್ತೆ, ತಗೊಳ್ಳೋವಾಗ ಬೇಗ ಬೇಗ, ಬಿಡೋವಾಗ ತಡವಾಗಿ.

ಸಂದೇಹಿ ನಂ. 1:
ಅಪರೂಪಕ್ಕೆ ಹಳೇ ಚಾಪೆಯವರ ಮಾತಿಗೆ ನನ್ನ ಸಹಮತ. ನಾಲ್ಕು ಆರು ಅಂದ್ರೆ ಸೆಕೆಂಡ್ ಲೆಕ್ಕದಲ್ಲಿ ನಿಮಿಷಕ್ಕೆ ಆರು ಉಸಿರು. ಮಾಮೂಲಿ ನಾವು 12ರಿಂದ 20 ಉಸಿರಾಡ್ತೀವಿ. 2001ರಲ್ಲಿ ಇಟಲಿ ಕಡೆ ಸಂಶೋಧಕರು ಒಂದು ಮಜವಾದ ಪ್ರಯೋಗ ಮಾಡಿದ್ರು, ಜನರ ಹತ್ರ ಕ್ರೈಸ್ತರ ಜಪಮಾಲೆ ಪ್ರಾರ್ಥನೆ ಲ್ಯಾಟಿನ್‌ನಲ್ಲಿ ಹೇಳ್ಸಿದ್ರು, ಹಾಗೇ ಓಂ ಮಣಿ ಪದ್ಮೇ ಹುಂ ಅಂತಾನೂ ಹೇಳ್ಸಿದ್ರು. ಎರಡರಲ್ಲೂ ಉಸಿರು ತಾನಾಗೇ ನಿಮಿಷಕ್ಕೆ ಆರರ ಹತ್ರ ಬಂತು. ಯಾರ ದೇವರಾದ್ರೂ ಶ್ವಾಸಕೋಶದ ಲೆಕ್ಕ ಒಂದೇ.

ಆದ್ರೆ ಬ್ರಾಹ್ಮೀ ಮುಹೂರ್ತ ಕಡ್ಡಾಯ ಅನ್ನೋದನ್ನ ಒಪ್ಪಲ್ಲ. ರಾತ್ರಿ 12ಕ್ಕೆ ಮಲಗಿ 4ಕ್ಕೆ ಏಳೋದು ಯೋಗ ಅಲ್ಲ, ನಿದ್ದೆಗೆಡೋದು ಅಷ್ಟೇ. ದೊಡ್ಡವರಿಗೆ ಏಳು ಗಂಟೆಯಾದ್ರೂ ನಿದ್ದೆ ಬೇಕು. ಜೊತೆಗೆ ಮೈ ಬಿಸಿ ನಾವು ಏಳೋಕೆ ಎರಡು ಗಂಟೆ ಮುಂಚೆ ಎಲ್ಲಕ್ಕಿಂತ ಕಮ್ಮಿ ಇರುತ್ತೆ, ಆಮೇಲೆ ಏರ್ತಾ ಏರ್ತಾ ಸಂಜೆ ಹೊತ್ತಿಗೆ ಜಾಸ್ತಿ ಆಗುತ್ತೆ. ಅಲಾರಂ ಶತ್ರು ಅವರಿಗೆ ಸಂಜೆ ಕಾಲ್ಬೆರಳು ಸಿಗೋದು ಅದಕ್ಕೂ ಹೌದು. ಹಾಗಾದ್ರೆ ಸಂಜೆನೇ ಮಾಡಿ, ಮುಗೀತಲ್ಲ?

ಎರಡು ಮಕ್ಕಳ ತಾಯಿ:
ಸಂಜೆ ಅಂತೆ. ಸಂಜೆ ಯಾವತ್ತಾದ್ರೂ ನಮ್ಮ ಕೈಲಿರುತ್ತಾ? ಬೆಳಗ್ಗೆ ಒಂದೇ ಯಾರೂ ಏನೂ ಕೇಳದಿರೋ ಹೊತ್ತು, ಅದಕ್ಕೇ ಬೆಳಗ್ಗೆ ಮಾಡೋದು, ಡಿಸ್ಕ್ ಏನಂದ್ರೂ ಸರಿ, ಮುಹೂರ್ತ ಏನಂದ್ರೂ ಸರಿ. ನನಗೆ ಸಿಗೋದು 12 ನಿಮಿಷ. ಸುಳ್ಳಲ್ಲ, ಟೈಮರ್ ಇಟ್ಕೊಂಡು ಅಳೆದಿದೀನಿ, ಹದಿಮೂರನೇ ನಿಮಿಷಕ್ಕೆ ಚಿಕ್ಕವನು ಎದ್ದು ಬಂದು ಅಧೋಮುಖ ಶ್ವಾನಾಸನದಲ್ಲಿದ್ರೆ ಕೆಳಗೆ ತೂರ್ಕೊಂಡು ಹೋಗ್ತಾನೆ, ಬಾಲಾಸನದಲ್ಲಿದ್ರೆ ಬೆನ್ನ ಮೇಲೆ ಹತ್ತಿ ಕೂರ್ತಾನೆ.

ಮೊದಲು ನಾನೂ ಒಂದು ಗಂಟೆ ಮಾಡ್ಬೇಕು ಅಂತ ಪ್ಲ್ಯಾನ್ ಹಾಕಿ ನಾಲ್ಕು ದಿನ ಮಾಡಿ ಬಿಟ್ಟು, ಬಿಟ್ಟಿದ್ದಕ್ಕೆ ಬೇಜಾರ್ ಮಾಡ್ಕೊಂಡು, ಮತ್ತೆ ಎರಡು ತಿಂಗಳಾದ್ಮೇಲೆ ಶುರು ಮಾಡಿ, ಹೀಗೇ ಮೂರು ವರ್ಷ ಕಳೆದೆ. 12 ನಿಮಿಷ ಅಂತ ಒಪ್ಕೊಂಡ ಮೇಲೆ ಈಗ ಏಳು ತಿಂಗಳಿಂದ ನಡೀತಿದೆ, ಮಧ್ಯೆ ಜ್ವರ ಬಂದ ಒಂದು ವಾರ ಬಿಟ್ಟು.

ಅಲಾರಂ ಶತ್ರು:
12 ನಿಮಿಷದಲ್ಲಿ ಏನೇನು ಮಾಡ್ತೀರ ಅಕ್ಕಾ? ದಯವಿಟ್ಟು ಹೇಳಿ. ನನಗೆ 12 ನಿಮಿಷದಲ್ಲಿ ಮ್ಯಾಟೇ ಹುಡುಕಕ್ಕಾಗಲ್ಲ.

ಎರಡು ಮಕ್ಕಳ ತಾಯಿ:
ಮ್ಯಾಟ್ ರಾತ್ರಿನೇ ಹಾಸಿಟ್ಟು ಮಲಗಿ! ಅದೇ ಅರ್ಧ ಕೆಲಸ. ನಾನು ಏನು ಮಾಡ್ತೀನಿ ಅಂದ್ರೆ ಹಾಸಿಗೆಯಲ್ಲೇ ಪಾದ ಹಿಂದೆ ಮುಂದೆ, ಪಾದದ ಗಂಟು ತಿರುಗಿಸೋದು, ಎದ್ದು ಬಚ್ಚಲಿಗೆ ಹೋಗಿ ಬಂದು ಅರ್ಧ ಲೋಟ ನೀರು, ಆಮೇಲೆ ತಾಡಾಸನದಲ್ಲಿ ಗೋಡೆ ಹತ್ರ ನಿಂತು ಕೈ ಮೇಲೆತ್ತಿ ಐದು ಉಸಿರು, ಆ ಕಡೆ ಈ ಕಡೆ ವಾಲೋದು, ವೀರಭದ್ರಾಸನ ಎರಡೂ ಕಡೆ, ವೃಕ್ಷಾಸನ (ಬೆಳಗ್ಗೆ ಬ್ಯಾಲೆನ್ಸ್ ಸಿಗಲ್ಲ, ಒಂದು ಬೆರಳು ಗೋಡೆಗೆ ತಾಗಿಸ್ಕೊಂಡಿರ್ತೀನಿ, ನಾಚಿಕೆ ಏನಿಲ್ಲ), ಆಮೇಲೆ ಮಂಡಿಯೂರಿ ಮಾರ್ಜಾಲಾಸನ ನಿಧಾನಕ್ಕೆ, ಹೊಟ್ಟೆ ಮೇಲೆ ಮಲಗಿ ಭುಜಂಗಾಸನ ಎರಡು ಸಲ, ಬೆನ್ನ ಮೇಲೆ ಮಲಗಿ ಸೇತುಬಂಧಾಸನ, ಅಲ್ಲೇ ಕಣ್ಣು ಮುಚ್ಚಿ ಎರಡು ನಿಮಿಷ ಶವಾಸನ. ಸೂರ್ಯ ನಮಸ್ಕಾರ ಇಲ್ಲ. ಭಾನುವಾರ ಗಂಡ ಮಕ್ಕಳನ್ನ ನೋಡ್ಕೊಂಡ್ರೆ ಮಾತ್ರ ಆರು ಸುತ್ತು.

ಫಿಸಿಯೋ ಅಕ್ಕ:
ನೋಡಿ ಇವರು ಯಾರನ್ನೂ ಕೇಳ್ದೆ ಸರಿಯಾಗಿರೋದನ್ನೇ ಮಾಡ್ತಿದಾರೆ. ನಿಂತು ಮಾಡೋದು, ಹಿಂದಕ್ಕೆ ಸ್ವಲ್ಪ ಬಾಗೋದು, ಪಕ್ಕಕ್ಕೆ ವಾಲೋದು, ಮುಂದಕ್ಕೆ ಗಟ್ಟಿಯಾಗಿ ಮಡಚೋದು ಎಲ್ಲೂ ಇಲ್ಲ. ಮಾರ್ಜಾಲಾಸನದಲ್ಲಿ ಬೆನ್ನು ಗುಂಡಗಾಗುತ್ತೆ ನಿಜ, ಆದ್ರೆ ಭಾರ ಕೈ ಮಂಡಿ ಮೇಲಿರುತ್ತೆ, ಪರವಾಗಿಲ್ಲ, ತುದಿವರೆಗೆ ತಳ್ಳಬೇಡಿ ಅಷ್ಟೇ.

ಅಲಾರಂ ಶತ್ರು ಸರ್, ನಿಮಗೆ ಸೂರ್ಯ ನಮಸ್ಕಾರ ಬೇಕೇಬೇಕು ಅಂದ್ರೆ ಎದ್ದು ಅರ್ಧ ಗಂಟೆ ಮುಕ್ಕಾಲು ಗಂಟೆ ಓಡಾಡಿದ ಮೇಲೆ ಮಾಡಿ, ಹಸ್ತಪಾದಾಸನದಲ್ಲಿ ಮಂಡಿ ಧಾರಾಳವಾಗಿ ಮಡಚಿ, ಹೊಟ್ಟೆ ತೊಡೆಗೆ ತಾಗ್ಲಿ, ಕೈ ನೆಲ ಮುಟ್ಟದಿದ್ರೆ ಎರಡು ದಪ್ಪ ಪುಸ್ತಕ ಇಟ್ಕೊಳ್ಳಿ. ಬಗ್ಗೋದು ಸೊಂಟದಿಂದಲ್ಲ, ತೊಡೆಸಂದಿಯಿಂದ. ಕನ್ನಡಿಯಲ್ಲಿ ಪಕ್ಕದಿಂದ ನೋಡ್ಕೊಂಡ್ರೆ ಬೆನ್ನು ಹಲಗೆ ತರ ಇರ್ಬೇಕು, ಕೊಡೆ ಹಿಡಿಕೆ ತರ ಅಲ್ಲ.

ರಾತ್ರಿ ಪಾಳಿ:
ನನ್ನ ಬೆಳಗ್ಗೆ ಮಧ್ಯಾಹ್ನ 3 ಗಂಟೆಗೆ ಆಗುತ್ತೆ. ನನಗೂ ಈ ನಿಯಮ ಇದ್ಯಾ, ಅಥವಾ ಸೂರ್ಯ ನೆತ್ತಿ ದಾಟಿರೋದ್ರಿಂದ ಡಿಸ್ಕ್ ತಾನಾಗೇ ಇಳಿದಿರುತ್ತಾ?

ಸಂದೇಹಿ ನಂ. 1:
ಡಿಸ್ಕ್‌ಗೆ ಪಂಚಾಂಗ ಗೊತ್ತಿಲ್ಲ. ಎಷ್ಟು ಹೊತ್ತು ಮಲಗಿದ್ರಿ ಅನ್ನೋದಷ್ಟೇ ಲೆಕ್ಕ. ನೀವು 3ಕ್ಕೆ ಎದ್ರೆ ನಿಮ್ಮ ಒಂದು ಗಂಟೆ 4ರವರೆಗೆ.

ರಾತ್ರಿ ಪಾಳಿ:
ಒಳ್ಳೇದು. ಬ್ರಾಹ್ಮೀ ಮುಹೂರ್ತದಲ್ಲಿ ನಾನೂ ಎಚ್ಚರ ಇರ್ತೀನಿ, ಆದ್ರೆ ಕಂಪ್ಯೂಟರ್ ಮುಂದೆ.

ಸುಮ್ನೆ ನೋಡೋನು:
ಸೂರ್ಯ ನಮಸ್ಕಾರನ ಐದು ಸಾವಿರ ವರ್ಷದಿಂದ ಋಷಿಮುನಿಗಳು ಎದ್ದ ತಕ್ಷಣ ಮಾಡ್ತಿದ್ರು, ಅವರಿಗೆಲ್ಲ ಸೊಂಟ ಹಿಡ್ದಿತ್ತಾ?

ಸಂದೇಹಿ ನಂ. 1:
ಸೂರ್ಯನಿಗೆ ನಮಸ್ಕಾರ ಮಾಡೋದು ಹಳೇದು, ಮಂತ್ರ ಹಳೇದು. ಈಗ ನಾವು ಮಾಡೋ 12 ಹಂತದ ವ್ಯಾಯಾಮ ಇಷ್ಟು ಜನಪ್ರಿಯ ಆಗಿದ್ದು 1920ರ ದಶಕದಲ್ಲಿ, ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ರಾಜ ದಿನಾ ತಾನೂ ಮಾಡಿ ಶಾಲೆ ಮಕ್ಕಳ ಹತ್ರಾನೂ ಮಾಡ್ಸಿ ಪ್ರಚಾರ ಮಾಡಿದ ಮೇಲೆ. ಹಠಯೋಗದ ಹಳೇ ಗ್ರಂಥಗಳಲ್ಲಿ ಹೇಳೋ ಆಸನಗಳಲ್ಲಿ ತುಂಬಾನೇ ಕೂತು ಮಾಡೋವು.

ಹಳೇ ಚಾಪೆ:
ಇದನ್ನ ಮಾತ್ರ ನಾನು ಒಪ್ತೀನಿ, ಸೇರ್ಸಿ ಹೇಳ್ತೀನಿ. ಈಗ ಪ್ರಪಂಚದಲ್ಲೆಲ್ಲ ಮಾಡೋ ಯೋಗದ ದೊಡ್ಡ ಪಾಲು ಮೈಸೂರಿಂದ ಹೋಗಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸ್ತಿದ್ರು. 1915ರಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸ್, 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಅವರ ಶಿಷ್ಯರು. ಒಬ್ಬ ಗುರು, ಶಿಷ್ಯರಿಬ್ಬರ ದಾರಿ ನೋಡಿ ಎಷ್ಟು ಬೇರೆ! ಜೋಯಿಸರದ್ದು ಉಸಿರಿನ ಜೊತೆ ಬೆವರು ಸುರಿಯೋ ಹಾಗೆ ಒಂದರಿಂದ ಒಂದಕ್ಕೆ ಹರಿಯೋ ಅಷ್ಟಾಂಗ ಕ್ರಮ, ಬೆಳಗಿನ ಜಾವ ಶುರು. ಅಯ್ಯಂಗಾರರದ್ದು ಒಂದೊಂದು ಆಸನದಲ್ಲಿ ಹೊತ್ತು ಹೊತ್ತು ನಿಂತು, ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಕುರ್ಚಿ ಎಲ್ಲಾ ಆಸರೆ ತಗೊಂಡು ಮಾಡೋದು. ಅಯ್ಯಂಗಾರರು ಚಿಕ್ಕವಯಸ್ಸಲ್ಲಿ ತುಂಬಾ ರೋಗಿಷ್ಠ ಹುಡುಗ, ಅದಕ್ಕೇ ಇರ್ಬೇಕು ಬಗ್ಗದ ಮೈಯೋರ ಕಷ್ಟ ಅವರಿಗೆ ಗೊತ್ತಿತ್ತು.

ಇನ್ನೊಂದು ಮಾತು, ಇಷ್ಟು ಕಟ್ಟುನಿಟ್ಟು ಅನ್ನೋ ಅಷ್ಟಾಂಗದಲ್ಲೇ ವಾರಕ್ಕೊಂದು ದಿನ ರಜೆ, ಅಮಾವಾಸ್ಯೆ ಹುಣ್ಣಿಮೆಗೂ ರಜೆ. ಒಂದು ದಿನ ತಪ್ಪಿದ್ರೆ ಎಲ್ಲಾ ಹೋಯ್ತು ಅಂತ ಕೂರೋರು ಇದನ್ನ ನೆನಪಿಡಿ. ಆಸನ ಅಂದ್ರೆ ಸ್ಥಿರವಾಗಿ ಸುಖವಾಗಿ ಇರೋದು ಅಂತ ಪತಂಜಲಿನೇ ಹೇಳಿರೋದು, ಹಲ್ಲು ಕಚ್ಕೊಂಡು ಎಳಿ ಅಂತ ಎಲ್ಲೂ ಹೇಳಿಲ್ಲ. ನಿನಗೆ ಹೇಳ್ತಿರೋದು ಅಲಾರಂ.

ಗಂಟು ಮಂಡಿ:
ನನ್ನದು ಮಂಡಿ ಕಥೆ. ಎದ್ದ ತಕ್ಷಣ ವಜ್ರಾಸನದಲ್ಲಿ ಕೂತು ಪ್ರಾಣಾಯಾಮ ಮಾಡ್ತಿದ್ದೆ, ಮಂಡಿ ಕಟಕಟ ಅಂತಿತ್ತು, ಏಳೋವಾಗ ಮಂಚ ಹಿಡ್ಕೊಂಡು ಏಳ್ತಿದ್ದೆ. ಈಗ ಕುರ್ಚಿ ಮೇಲೆ ಕೂತು ಮಾಡ್ತೀನಿ. ಮೊದಲ ದಿನ ಕುರ್ಚಿ ಮೇಲೆ ಪ್ರಾಣಾಯಾಮನಾ ಅಂತ ಮನೆಯಲ್ಲಿ ನಕ್ರು, ಎರಡು ತಿಂಗಳಾಯ್ತು, ಈಗ ನಗೋರೂ ಇಲ್ಲ ಮಂಡಿ ನೋವೂ ಇಲ್ಲ. ಉಸಿರು ಮೂಗಿಂದ ಹೋಗೋದು, ಮಂಡಿಯಿಂದ ಅಲ್ಲ.

ಒಂದು ಪ್ರಶ್ನೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳೋರು ಖಾಲಿ ಹೊಟ್ಟೆಯಲ್ಲಿ ಮಾಡ್ಬೋದಾ? ನಮ್ಮಕ್ಕನಿಗೆ ಒಂದ್ಸಲ ಸೂರ್ಯ ನಮಸ್ಕಾರದ ಮಧ್ಯೆ ಕೈ ನಡುಕ ಬಂದು ಬೆವರು ಕಿತ್ಕೊಂಡು ಬಂತು.

ಫಿಸಿಯೋ ಅಕ್ಕ:
ಅದು ಸಕ್ಕರೆ ಇಳಿದಿರೋ ಲಕ್ಷಣ ಇರ್ಬೋದು, ಹಾಗಾದಾಗ ತಕ್ಷಣ ನಿಲ್ಲಿಸಿ ಸಿಹಿ ಏನಾದ್ರೂ ಬಾಯಿಗೆ ಹಾಕ್ಕೋಬೇಕು, ಸುತ್ತು ಮುಗಿಸ್ತೀನಿ ಅನ್ನಬಾರ್ದು. ಖಾಲಿ ಹೊಟ್ಟೆ ಅನ್ನೋ ನಿಯಮ ಇರೋದು ಊಟದ ಮೇಲೆ ಬಗ್ಗಿದ್ರೆ ತಿರುಗಿದ್ರೆ ಹೊಟ್ಟೆ ತೊಳಸುತ್ತೆ, ಎದೆಯುರಿ ಬರುತ್ತೆ ಅಂತ. ದೊಡ್ಡ ಊಟ ಆದ್ರೆ ಮೂರು ನಾಲ್ಕು ಗಂಟೆ ಬಿಡಿ ಅಂತಾರೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸೋ ಕೆಲವು ಗುಳಿಗೆ ತಗೊಳ್ಳೋರಿಗೆ ಅದೇ ನಿಯಮ ಹಾಕಕ್ಕಾಗಲ್ಲ, ಅವರ ಡಾಕ್ಟರನ್ನ ಕೇಳಿ ಸ್ವಲ್ಪ ಏನಾದ್ರೂ ತಿಂದು ಮಾಡ್ಲಿ, ಶುರು ಮಾಡೋ ಮುಂಚೆ ಒಂದು ಸಲ ಸಕ್ಕರೆ ನೋಡ್ಕೊಳ್ಳಲಿ.

ಅಲಾರಂ ಶತ್ರು:
ಇಷ್ಟೆಲ್ಲ ಓದಿ ತಲೆ ತಿರುಗ್ತಿದೆ, ಕಪಾಲಭಾತಿನೂ ಮಾಡಿಲ್ಲ ನಾನು. ಸರಿ, ತೀರ್ಮಾನ ಮಾಡಿದೆ. 5 ಗಂಟೆ ಬಿಟ್ಟೆ, 6 ಗಂಟೆ. ಮೊದಲು ನೀರು, ಹತ್ತು ನಿಮಿಷ ಮನೆಯೊಳಗೆ ಓಡಾಟ, ಮಕ್ಕಳ ತಾಯಿ ಅಕ್ಕನ ಪಟ್ಟಿಯಲ್ಲಿ ಅರ್ಧ. ಪಶ್ಚಿಮೋತ್ತಾನಾಸನ ಸಂಜೆಗೆ. ಒಂದು ತಿಂಗಳು ಬಿಟ್ಟು ಬಂದು ಹೇಳ್ತೀನಿ.

ಸಂದೇಹಿ ನಂ. 1:
21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅಂತ ಯಾರಾದ್ರೂ ಹೇಳಕ್ಕೆ ಬರೋ ಮುಂಚೆ ನಾನೇ ಹೇಳ್ತೀನಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನ 12 ವಾರ ಹಿಂಬಾಲಿಸಿ 2009ರಲ್ಲಿ ಫಲಿತಾಂಶ ಹಾಕಿದ್ರು, ಹೊಸ ಕೆಲಸ ಯೋಚ್ನೆ ಮಾಡ್ದೆ ತಾನಾಗೇ ಆಗೋ ಮಟ್ಟಕ್ಕೆ ಬರಕ್ಕೆ ಸುಮಾರು 66 ದಿನ, ಅದೂ ಒಬ್ಬರಿಗೆ 18, ಇನ್ನೊಬ್ಬರಿಗೆ ಲೆಕ್ಕ ಹಾಕಿದ್ರೆ 254. ನೀರು ಕುಡಿಯೋಂಥ ಸಣ್ಣ ಕೆಲಸ ಬೇಗ ಕೂತ್ಕೊಳ್ಳುತ್ತೆ, ವ್ಯಾಯಾಮಕ್ಕೆ ಜಾಸ್ತಿ ದಿನ ಬೇಕು. ಮಧ್ಯೆ ಒಂದು ದಿನ ತಪ್ಪಿದ್ರೆ ಏನೂ ಕೆಡಲ್ಲ ಅಂತಾನೂ ಅದ್ರಲ್ಲೇ ಇದೆ. ಹಳೇ ಚಾಪೆಯವರ ಅಮಾವಾಸ್ಯೆ ರಜೆಗೆ ಆಧಾರ ಸಿಕ್ಕಿತು ನೋಡಿ.

ಹಳೇ ಚಾಪೆ:
ನಮಗೆ ಆಧಾರ ಬೇಕಿರ್ಲಿಲ್ಲ, ಆದ್ರೂ ಇರ್ಲಿ ಬಿಡಿ.

ಉತ್ತರದ ಗಾಳಿ:
ನಾಲ್ಕು ಆರು ಎಣಿಕಿ ಶುರು ಮಾಡೀನ್ರಿ. ಮೂರನೇ ದಿನಕ್ಕ ಕುರ್ಚಿ ಮ್ಯಾಲೆ ನಿದ್ದಿ ಹತ್ತಿ ಗೊರಕಿ ಹೊಡದೆ ಅಂತ ಮನ್ಯಾಗ ಹೇಳಿದ್ರು. ತಲಿ ಅಂತೂ ತಿರಗಲಿಲ್ಲ.

ಅಲಾರಂ ಶತ್ರು (ಐದು ವಾರದ ನಂತರ):
ಬಂದೆ. 35 ದಿನದಲ್ಲಿ 26 ದಿನ ಮಾಡಿದೀನಿ, ಕ್ಯಾಲೆಂಡರ್ ಮೇಲೆ ಗೀಟು ಹಾಕಿ ಎಣಿಸಿದೀನಿ. ಸೊಂಟದ ನೋವು ಎರಡನೇ ವಾರದ ಕೊನೆಗೆ ಹೋಯ್ತು. ಮಧ್ಯೆ ಒಂದು ದಿನ ಪರೀಕ್ಷೆ ಮಾಡೋಣ ಅಂತ ಎದ್ದ ತಕ್ಷಣ ಮತ್ತೆ ಬಗ್ಗಿದೆ, ಸಂಜೆವರೆಗೆ ಅನುಭವಿಸಿದೆ, ಬೈಬೇಡಿ ಮೇಡಂ. ಗೋಡೆಗೆ ಪೆನ್ಸಿಲ್ ಗುರುತೂ ಹಾಕಿದೆ, ಬೆಳಗ್ಗೆಗೂ ರಾತ್ರಿಗೂ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ, ಮನೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಅಳೆದಾಯ್ತು, ಗೋಡೆ ತುಂಬಾ ಗೀಟು, ಅದಕ್ಕೆ ಬೈಸ್ಕೊಂಡಿದ್ದೂ ಆಯ್ತು.

ವಿಚಿತ್ರ ಅಂದ್ರೆ ನನಗೆ ತುಂಬಾ ಇಷ್ಟ ಆಗಿರೋದು ಶವಾಸನ. ಮೊದಲು ಟೈಮ್ ಉಳಿದ್ರೆ ಅಂತಿದ್ದವನು ಈಗ ಬೇರೆ ಎರಡು ಆಸನ ಬಿಟ್ಟು ಅದನ್ನ ಮಾಡ್ತೀನಿ. ನಿದ್ದೆಯಿಂದ ಎದ್ದು ಇಪ್ಪತ್ತು ನಿಮಿಷಕ್ಕೆ ಮತ್ತೆ ಮಲಗೋದು ಮೋಸ ಅನ್ಸುತ್ತೆ, ಆದ್ರೂ ಅದು ನಿದ್ದೆ ತರ ಇರಲ್ಲ, ಮೈ ಭಾರ ನೆಲಕ್ಕೆ ಬಿಟ್ಟು ಮನೆಯ ಶಬ್ದ ಕೇಳ್ತಾ ಇರೋದು. ಸೂರ್ಯ ನಮಸ್ಕಾರ ವಾರಕ್ಕೆ ಮೂರು ದಿನ ನಾಲ್ಕು ಸುತ್ತು, ಮಂಡಿ ಮಡಚ್ಕೊಂಡೇ.

ಈಗ ಹೊಸ ಸಮಸ್ಯೆ, ಬಲಗೈ ಮಣಿಕಟ್ಟು ನೋಯ್ತಿದೆ, ಪರ್ವತಾಸನದಿಂದ ಕೆಳಗೆ ಇಳಿಯೋವಾಗ.

ಫಿಸಿಯೋ ಅಕ್ಕ:
ಬೈತೀನಿ ಆಮೇಲೆ. ಮೊದಲು ಹೇಳಿ, ಕೈಯ ಭಾರ ಅಂಗೈ ಬುಡದ ಕಡೆ ಬೀಳ್ತಿದ್ಯಾ, ಬೆರಳ ಬುಡದ ಕಡೆನಾ? ಬೆರಳು ಅಗಲಿಸಿ ಹೆಬ್ಬೆರಳು ತೋರುಬೆರಳ ಬುಡ ನೆಲಕ್ಕೆ ಒತ್ತಿ, ಇಳಿಯೋವಾಗ ಮಂಡಿ ಮೊದಲು ನೆಲಕ್ಕೆ ಇಟ್ಟು ಇಳೀರಿ. ಅಷ್ಟಕ್ಕೂ ನೋವು ಇದ್ರೆ ಮುಷ್ಟಿ ಕಟ್ಟಿ ಊರಿ ನೋಡಿ.

ಅಲಾರಂ ಶತ್ರು:
ಅಂಗೈ ಬುಡದ ಕಡೆನೇ ಬೀಳ್ತಿದೆ ಅನ್ಸುತ್ತೆ. ನಾಳೆ ಬೆಳಗ್ಗೆ ನೋಡಿ ಹೇಳ್ತೀನಿ.

ರಾತ್ರಿ ಪಾಳಿ:
ಯಾರ ಬೆಳಗ್ಗೆ?